ಉಪ್ಪಿನ ಡಬ್ಬಿ ನೀರೊಡೆದರೆ ಗಿಟಾರ್ ತಂತಿ ನೋಡಿ

ಜೂನ್ ಮುಗಿಯುವ ಹೊತ್ತಿಗೆ ಬೆಳಗಾವಿಯಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುತ್ತದೆ. ಅದೇ ವಾರ ಹೊರಗಿನ ಕೋಣೆಯ ಗೋಡೆಗೆ ಒರಗಿಸಿಟ್ಟ ಗಿಟಾರಿನ ಮೊದಲ ತಂತಿಯ ಮೇಲೆ ಕಂದು ಚುಕ್ಕೆಗಳು ಏಳುತ್ತವೆ. ಇವೆರಡೂ ಒಂದೇ ಕಾರಣಕ್ಕೆ ಆಗುತ್ತವೆ ಅಂತ ಅರ್ಥವಾಗಲು ನನಗೆ ಬಹಳ ವರ್ಷ ಹಿಡಿಯಿತು.

ನಮ್ಮ ಕಡೆ ತುಕ್ಕಿಗೆ ಜಂಗು ಅನ್ನುತ್ತೇವೆ. ಜಂಗು ಹಿಡಿಯಲು ಮಳೆಯೇ ಕಾರಣ ಅಂದುಕೊಂಡಿದ್ದೆ. ಆದರೆ ಗಿಟಾರಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು? ನನ್ನ ಬೆರಳಿನ ಉಪ್ಪೇ ಅದನ್ನು ಗಾಳಿಯಿಂದ ಎಳೆದು ತಂದಿತ್ತು.

ಬೆವರಿನಲ್ಲಿ ಉಪ್ಪಿದೆ, ಸ್ವಲ್ಪ ಲ್ಯಾಕ್ಟಿಕ್ ಆಮ್ಲವೂ ಇದೆ. ನುಡಿಸಿ ಎದ್ದ ಮೇಲೆ ಬೆವರು ಆರುತ್ತದೆ, ಉಪ್ಪು ತಂತಿಯ ಮೇಲೆ ಉಳಿಯುತ್ತದೆ. ಗಾಳಿಯ ತೇವ, ಅಂದರೆ ಗಾಳಿ ಹಿಡಿದಿಡಬಲ್ಲ ಆವಿಯಲ್ಲಿ ಈಗ ಇರುವ ಪಾಲು, ನೂರಕ್ಕೆ 75 ದಾಟಿದರೆ ಶುದ್ಧ ಉಪ್ಪು ಕೂಡ ಆವಿಯನ್ನು ಹೀರಿ ತಾನೇ ಕರಗಿ ನೀರಾಗುತ್ತದೆ. ಹರಳುಪ್ಪು ಇನ್ನೂ ಬೇಗ ಒದ್ದೆಯಾಗುತ್ತದೆ, ಯಾಕೆಂದರೆ ಅದರಲ್ಲಿ ಸೇರಿಕೊಂಡ ಮೆಗ್ನೀಸಿಯಂ ಕ್ಲೋರೈಡಿಗೆ 33ರಷ್ಟು ತೇವವೇ ಸಾಕು. ಜುಲೈಯಲ್ಲಿ ಬೆಳಗಾವಿಯ ಗಾಳಿ ದಿನಗಟ್ಟಲೆ 75ರ ಮೇಲೇ ಇರುತ್ತದೆ. ಅಂದರೆ ತಂತಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಉಪ್ಪುನೀರಿನ ಪದರ ಹಗಲೂ ರಾತ್ರಿ ಕೂತಿರುತ್ತದೆ. ಕಬ್ಬಿಣ, ಉಪ್ಪುನೀರು, ಗಾಳಿಯ ಆಮ್ಲಜನಕ. ಜಂಗಿಗೆ ಇನ್ನೇನು ಬೇಕು?

ವಿಜಯಪುರದಲ್ಲಿರುವ ನಮ್ಮ ಅಕ್ಕನ ಮಗ ತಂತಿಯನ್ನು ಒರೆಸುವುದೇ ಇಲ್ಲ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಅವನ ತಂತಿ ಫಳಫಳ ಅನ್ನುತ್ತದೆ. ಉಪ್ಪು ಅಲ್ಲೂ ಇದೆ, ಒಣಗಿ ಸುಮ್ನೆ ಕೂತಿದೆ, ಅಷ್ಟೇ. ಆದರೆ ಆ ಒಣ ಗಾಳಿಗೆ ಗಿಟಾರಿನ ಮರ ಬಿರಿಯುತ್ತದೆ. ಮರಕ್ಕೆ 45ರಿಂದ 55ರಷ್ಟು ತೇವ ಹಿತ.

ಮೊದಲ ಎರಡು ತಂತಿಗಳು ಬರೀ ಉಕ್ಕು, ಮೇಲೆ ತವರದ ತೆಳು ಲೇಪ. ಈ ಲೇಪದ ಗುಣವನ್ನು ಸ್ವಲ್ಪ ನಿಂತು ನೋಡಬೇಕು. ನಮ್ಮ ತಗಡಿನ ಛಾವಣಿಗೆ ಸತುವಿನ ಲೇಪ ಇರುತ್ತದೆ. ತಗಡಿನ ಮೇಲೆ ಗೀರು ಬಿದ್ದರೂ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ತವರ ಹಾಗಲ್ಲ. ಅದು ಗಟ್ಟಿಯಾಗಿ ಮುಚ್ಚಿರುವ ತನಕ ಮಾತ್ರ ಕಾಯುತ್ತದೆ. ಒಂದು ಕಡೆ ಗೀರು ಬಿತ್ತೋ, ಅಲ್ಲಿಯ ಕಬ್ಬಿಣ ಇನ್ನೂ ಜಾಸ್ತಿ ವೇಗದಲ್ಲಿ ಸವೆಯುತ್ತದೆ. ಗೀರು ಬೀಳುವುದು ಎಲ್ಲಿ? ತಂತಿ ಫ್ರೆಟ್ಟಿಗೆ, ಅಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ, ಉಜ್ಜುವ ಜಾಗದಲ್ಲಿ. ಅದಕ್ಕೇ ಕಂದು ಚುಕ್ಕೆಗಳು ಸಾಮಾನ್ಯವಾಗಿ ನಾವು ಜಾಸ್ತಿ ಒತ್ತುವ ಮೊದಲ ಮೂರು ನಾಲ್ಕು ಮನೆಗಳಲ್ಲೇ (ಎರಡು ಫ್ರೆಟ್ ನಡುವಿನ ಜಾಗ) ಕಾಣುತ್ತವೆ.

ಮೊದಲ ತಂತಿಯ ದಪ್ಪ ಸುಮಾರು 0.3 ಮಿಲಿಮೀಟರ್. ಅದನ್ನು ಎಳೆದಿರುವ ಬಲ ಸುಮಾರು 10 ಕಿಲೋ ತೂಕದಷ್ಟು. ಇಷ್ಟು ತೆಳುವಿನಲ್ಲಿ ಜಂಗು ಒಂದು ಸಣ್ಣ ಗುಳಿ ತೋಡಿದರೂ ಎಳೆತವೆಲ್ಲ ಅಲ್ಲಿಗೇ ಬಂದು ಕೂಡುತ್ತದೆ, ತಂತಿ ಅಲ್ಲೇ ಹರಿಯುತ್ತದೆ. ಇನ್ನೊಂದು ನಷ್ಟವೂ ಇದೆ. ಜಂಗಿನ ತಂತಿ ಕಾನಸಿನ, ಅಂದರೆ ಅರದ ಹಾಗೆ. ಅದನ್ನು ಅಡ್ಡಕ್ಕೆ ಎಳೆದು ನುಡಿಸಿದ ಪ್ರತಿ ಸಲ ಫ್ರೆಟ್ ಅಷ್ಟಷ್ಟು ಸವೆಯುತ್ತದೆ. ತಂತಿ ಬದಲಿಸುವುದು ಸುಲಭ, ಫ್ರೆಟ್ ಬದಲಿಸುವುದು ದುಬಾರಿ ಕೆಲಸ.

ದಪ್ಪ ತಂತಿಗಳ ಕಥೆ ಬೇರೆ. ಒಳಗೆ ಉಕ್ಕಿನ ಎಳೆ, ಸುತ್ತ ಕಂಚಿನ ಸುತ್ತು. ಸುತ್ತುಗಳ ನಡುವೆ ಚರ್ಮದ ಪುಡಿ, ಎಣ್ಣೆ, ಉಪ್ಪು ಸೇರುತ್ತವೆ. ಆ ಕೊಳೆ ತಂತಿಯ ಸಣ್ಣ ಸಣ್ಣ ಕಂಪನಗಳನ್ನು, ಅಂದರೆ ಮೇಲಿನ ಸ್ವರಾಂಶಗಳನ್ನು ನುಂಗಿಬಿಡುತ್ತದೆ. ಜಂಗು ಕಣ್ಣಿಗೆ ಕಾಣುವ ಮೊದಲೇ ನಾದ ಮಂಕಾಗುವುದು ಇದಕ್ಕೇ. ಇಂಥ ತಂತಿಯನ್ನು ಬಿಸಿನೀರಿನಲ್ಲಿ ಕುದಿಸುವವರಿದ್ದಾರೆ. ಕೊಳೆ ಬಿಡುತ್ತದೆ ನಿಜ, ನಾದ ಕೆಲವು ದಿನ ತಿರುಗಿ ಬರುತ್ತದೆ. ಆದರೆ ಸುತ್ತಿನೊಳಗೆ ನೀರು ಉಳಿದರೆ ಒಳಗಿನ ಉಕ್ಕಿಗೆ ಹೊಡೆತ. ನಮ್ಮ ಮಳೆಗಾಲದಲ್ಲಂತೂ ಆ ಕೆಲಸ ಬೇಡ.

ಎಣ್ಣೆ ಹಚ್ಚಬಹುದಾ? ಸಿತಾರ್ ನುಡಿಸುವವರು ಬೆರಳು ಜಾರಲಿ ಅಂತ ಎಣ್ಣೆಯ ಹತ್ತಿ ಪಕ್ಕದಲ್ಲಿಟ್ಟುಕೊಳ್ಳುತ್ತಾರೆ, ಅಲ್ವಾ? ಅಲ್ಲಿ ಅದು ಸರಿ. ಗಿಟಾರಿನ ಬರೀ ಉಕ್ಕಿನ ತಂತಿಗೂ ಬಟ್ಟೆಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಸವರಿದರೆ ನೀರು ತಾಗುವುದಿಲ್ಲ. ಸುತ್ತಿನ ತಂತಿಗೆ ಮಾತ್ರ ಬೇಡ, ಎಣ್ಣೆ ಒಳಗಿಳಿದು ನಾದ ಸಾಯುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಬೆಳಗಾವಿಯ ಚಳಿಗೆ ಅದು ಮೇಣವೇ ಸರಿ.

ಪಾಲಿಮರ್ ಲೇಪದ ತಂತಿಗಳೂ ಸಿಗುತ್ತವೆ. ಬೆಲೆ ಜಾಸ್ತಿ. ಬೆವರುವ ಕೈಯವರಿಗೆ ಅವು ಒಳ್ಳೆಯವು ಅಂತ ನನ್ನ ಅನುಭವ.

ಕಪಾಟಿನೊಳಗಿನ ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಿದರೂ ಲೆಕ್ಕ ಬದಲಾಗುತ್ತದೆ. 24 ಡಿಗ್ರಿಯಲ್ಲಿ 90 ತೇವವಿದ್ದ ಗಾಳಿಯನ್ನು 29 ಡಿಗ್ರಿಗೆ ಏರಿಸಿದರೆ ತೇವ ಸುಮಾರು 67ಕ್ಕೆ ಇಳಿಯುತ್ತದೆ. ನೀರು ಕಡಿಮೆಯಾಗುವುದಿಲ್ಲ, ಗಾಳಿಗೆ ಹಿಡಿದಿಡುವ ಶಕ್ತಿ ಹೆಚ್ಚುತ್ತದೆ. ಇದು ಉಪ್ಪು ಕರಗುವ ಆ 75ರ ಗಡಿಯ ಕೆಳಗೆ! ಹೊರಗಿನ ಗೋಡೆ ತಣ್ಣಗಿರುತ್ತದೆ, ಅಡುಗೆಮನೆಯ ಆಚೆ ಬದಿಯ ಗೋಡೆ ಬೆಚ್ಚಗಿರುತ್ತದೆ. ಹಾಗಾಗಿ ನಾನು ಗಿಟಾರನ್ನು ಅಲ್ಲಿಯ ಕಪಾಟಿಗೆ ಸಾಗಿಸಿದೆ. ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಇಟ್ಟಿದ್ದೇನೆ. ದೀಪಾವಳಿಯ ಹೊತ್ತಿಗೆ ಅವನ್ನು ತೆಗೆದುಬಿಡುತ್ತೇನೆ, ಮರಕ್ಕಾಗಿ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಕೈ ತೊಳೆದು ನುಡಿಸುವುದು, ಎದ್ದ ಕೂಡಲೇ ತಂತಿಯ ಮೇಲೂ ಕೆಳಗೂ ಒರೆಸುವುದು. ಕೆಳಭಾಗ ಮರೆಯಬಾರದು, ಫ್ರೆಟ್ಟಿಗೆ ತಾಗುವುದು ಅದೇ. ಅಜ್ಜಿಯ ಹಳೆಯ ಇಳಕಲ್ ನೂಲು ಸೀರೆಯ ಮೆತ್ತನೆ ತುಂಡು ನನ್ನ ಬಟ್ಟೆ. ಒಂದು ಮಳೆಗಾಲ ಒರೆಸಿ ಒರೆಸಿ ಅದನ್ನೇ ತಂತಿಯ ಮೇಲೆ ಹೊದಿಸಿಟ್ಟಿದ್ದೆ. ಬೆಳಿಗ್ಗೆ ಮುಟ್ಟಿದರೆ ಬಟ್ಟೆ ತಣ್ಣಗೆ, ಹಸಿಹಸಿ. ತಂತಿಯಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇತ್ತು. ಈಗ ವಾರಕ್ಕೊಮ್ಮೆ ಅದನ್ನು ಒಗೆದು, ಒಲೆಯ ಹತ್ತಿರ ಒಣಗಿಸಿ, ಗಿಟಾರಿನಿಂದ ದೂರ ಮಡಿಚಿಡುತ್ತೇನೆ.