ಅರಬೈಲ್ ಘಟ್ಟದ ಕೆಂಧೂಳು, ಕರಿಹೊಗೆ

ಹದಿನೆಂಟಿಪ್ಪತ್ತು ವರ್ಷದ ಹಿಂದೆ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೊರಟವರಿಗೆ ರಸ್ತೆ ಬದಿಯ ಮರಗಳಲ್ಲಿ ಹಸಿರು ಕಾಣಬೇಕೆಂದರೆ ಮಳೆಗಾಲವೇ ಬರಬೇಕಿತ್ತು. ಉಳಿದ ದಿನಗಳಲ್ಲಿ ಎಲೆ, ಹಂಚು, ಒಣಗಲು ಹಾಕಿದ ಬಟ್ಟೆ ಎಲ್ಲ ಕೆಂಪು. ಬಳ್ಳಾರಿ, ಹೊಸಪೇಟೆಯಿಂದ ಕಾರವಾರ ಮತ್ತು ಬೇಲೆಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳ ಸಾಲು. ಆ ಅದಿರಿನಲ್ಲಿ ಹೆಚ್ಚಿನದು ಚೀನಾದ ಉಕ್ಕಿನ ಕುಲುಮೆಗೆ.

ಕಾನೂನು ಇರಲಿಲ್ಲವೆಂದಲ್ಲ. ವಾಯುಮಾಲಿನ್ಯ ತಡೆ ಕಾಯ್ದೆ ಬಂದದ್ದು 1981ರಲ್ಲಿ. 2009ರ ನವೆಂಬರ್‌ನಲ್ಲಿ ಹೊಸ ಮಾನದಂಡವೂ ಬಂತು: ಒಂದು ಘನ ಮೀಟರ್ ಗಾಳಿಯಲ್ಲಿ ಹತ್ತು ಮೈಕ್ರಾನ್‌ವರೆಗಿನ ಧೂಳಿನ ಕಣ ದಿನದ ಸರಾಸರಿಯಲ್ಲಿ 100 ಮೈಕ್ರೋಗ್ರಾಂ ದಾಟಬಾರದು. ಆದರೆ ಕೆಂಧೂಳು ಅಡಗಿದ್ದು ಅದರಿಂದಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. ಅಕ್ರಮ ಹಿಡಿಯಲು ಹೊರಟ ಆದೇಶ ನಮ್ಮ ಮರಗಳನ್ನು ತೊಳೆಯಿತು. ಸಾಲ ಮಾಡಿ ಲಾರಿ ಕೊಂಡವರ ಕಥೆ ಬೇರೆ.

ಲಾರಿಗಳ ಕರಿಹೊಗೆಯದು ಹಾಗಲ್ಲ, ಅದನ್ನು ಇಳಿಸಿದ್ದು ನಿಯಮವೇ. ಕಾರವಾರದವರಿಗೆ ಹೊಗೆಮಂಜು ಎಂದರೆ ಟಿವಿಯಲ್ಲಿ ಕಂಡ ದಿಲ್ಲಿ. ಇಲ್ಲಿನ ಹೊಗೆಯನ್ನು ಕಡಲಗಾಳಿ ನಿಲ್ಲಗೊಡುವುದಿಲ್ಲ. ಶಿರಸಿಯ ಡಿಸೆಂಬರ್ ಬೆಳಗಿನದು ಬರೀ ಇಬ್ಬನಿ. ಆದರೂ ದಿಲ್ಲಿಯ ಉಸಿರುಕಟ್ಟಿಗೆಂದು ಹುಡುಕಿದ ಔಷಧದಲ್ಲಿ ನಮಗೂ ಪಾಲು ಸಿಕ್ಕಿತು.

ಮೊದಲು ಶುದ್ಧವಾಗಬೇಕಿದ್ದದ್ದು ಡೀಸೆಲ್. ಹೊಗೆ ಸೋಸುವ ಸಾಧನಗಳನ್ನು ಗಂಧಕ ಕೆಡಿಸುತ್ತದೆ; ಎಂಜಿನ್ ಎಷ್ಟೇ ಹೊಸದಾದರೂ ಎಣ್ಣೆ ಕೊಳಕಾದರೆ ವ್ಯರ್ಥ. ವಾಹನಗಳ ಹೊಗೆಗೆ ಮಿತಿ ಹಾಕುವ ‘ಭಾರತ್ ಸ್ಟೇಜ್’ ನಿಯಮದ ಮೂರನೇ ಹಂತದ ಡೀಸೆಲ್‌ನಲ್ಲಿ ಹತ್ತು ಲಕ್ಷಕ್ಕೆ 350 ಪಾಲು ಗಂಧಕಕ್ಕೆ ಅವಕಾಶವಿತ್ತು. 2017ರ ಏಪ್ರಿಲ್‌ನಲ್ಲಿ ದೇಶವಿಡೀ ನಾಲ್ಕನೇ ಹಂತ ಬಂದಾಗ ಅದು 50. ಐದನೇ ಹಂತವನ್ನು ಹಾರಿ 2020ರ ಏಪ್ರಿಲ್ 1ಕ್ಕೆ ನೇರ ಆರಕ್ಕೆ ಹೋದಾಗ ಬರೀ 10. ಅದಕ್ಕೆ ತೈಲ ಶುದ್ಧೀಕರಣ ಘಟಕಗಳನ್ನೇ ಬದಲಿಸಬೇಕಾಯಿತು.

ಈಗಿನ ಲಾರಿ ಚಾಲಕರಿಗೆ ಡೀಸೆಲ್ ಜೊತೆ ‘ಯೂರಿಯಾ’ದ ಚಿಂತೆಯೂ ಇದೆ. ಗೊಬ್ಬರವಲ್ಲ, ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ನೀರು. ಬಿಸಿ ಹೊಗೆಯಲ್ಲಿ ಅದು ಅಮೋನಿಯ ಆಗಿ, ನೈಟ್ರೋಜನ್ ಆಕ್ಸೈಡ್‌ಗಳನ್ನು ಮಾಮೂಲಿ ಸಾರಜನಕ ಮತ್ತು ನೀರಿನಾವಿಯಾಗಿ ಒಡೆಯುತ್ತದೆ. ಕರಿ ಕಣಗಳನ್ನು ಹಿಡಿಯಲು ಇನ್ನೊಂದು ಜಾಲರಿ.

ರಾಷ್ಟ್ರೀಯ ಶುದ್ಧಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾದಾಗ ಗಾಳಿ ಕೆಟ್ಟ ನಗರಗಳ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡ ಇತ್ತು, ಕಾರವಾರ ಇರಲಿಲ್ಲ. ಸರಿಯೇ. ಆದರೆ ಅದೇ ಹುಬ್ಬಳ್ಳಿಯ ಹಳೆಯ ಲಾರಿಗಳು ಇನ್ನೂ ಇದೇ ಘಟ್ಟ ಹತ್ತುತ್ತವೆ. ತಿರುವಿನಲ್ಲಿ ಅಂಥದ್ದೊಂದು ಗೇರು ಇಳಿಸಿ ಏದುಸಿರು ಬಿಟ್ಟರೆ, ಹಿಂದಿನ ಬಸ್ಸಿನಲ್ಲಿ ಕಿಟಕಿಗಳು ಪಟಪಟನೆ ಮುಚ್ಚಿಕೊಳ್ಳುತ್ತವೆ.