ಮುಂದಿನ ಬ್ರೇಕಿನ ಭಯ ಮತ್ತು ಚಕ್ರದ ಕಡ್ಡಿಗಳು

ಸೈಕಲ್ ಕಲಿಸುವವರು ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು, ‘ಮುಂದಿನ ಬ್ರೇಕು ಹಿಡಿಯಬೇಡ, ಪಲ್ಟಿ ಹೊಡೆಯುತ್ತೀಯ’ ಎಂಬುದು. ತಲೆಮಾರುಗಳಿಂದ ಯಾರೂ ಪ್ರಶ್ನಿಸದೆ ದಾಟಿಸಿಕೊಂಡು ಬಂದಿರುವ ಈ ಬುದ್ಧಿಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಸವಾರನನ್ನು ಲಾರಿಯ ಕೆಳಗೆ ತಳ್ಳಬಲ್ಲದು.

ಸವಾರನೂ ಸೈಕಲ್ಲೂ ಸೇರಿದ ಗುರುತ್ವ ಕೇಂದ್ರವು ನೆಲದಿಂದ 110 ಸೆಂಟಿಮೀಟರ್ ಎತ್ತರದಲ್ಲಿ, ಮುಂದಿನ ಚಕ್ರ ನೆಲವನ್ನು ಮುಟ್ಟುವ ಬಿಂದುವಿನಿಂದ 60 ಸೆಂಟಿಮೀಟರ್ ಹಿಂದೆ ಇದೆಯೆಂದುಕೊಳ್ಳೋಣ. ಬ್ರೇಕು ಹಾಕಿದೊಡನೆ ಭಾರವು ಮುಂದಕ್ಕೆ ಸರಿಯುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ವೇಗ ಕುಗ್ಗುವ ದರವು ಗುರುತ್ವ ವೇಗೋತ್ಕರ್ಷದ ಶೇಕಡಾ 55ರಷ್ಟನ್ನು, ಅಂದರೆ 60ನ್ನು 110ರಿಂದ ಭಾಗಿಸಿದಷ್ಟನ್ನು, ಮುಟ್ಟಿದಾಗ ಹಿಂದಿನ ಚಕ್ರ ನೆಲ ಬಿಡುತ್ತದೆ. ಪಲ್ಟಿಯ ಭಯದಲ್ಲಿರುವ ಸತ್ಯ ಇಷ್ಟೇ. ಆದರೆ ಹಗುರವಾಗುತ್ತಿರುವ ಚಕ್ರವನ್ನೇ ಹಿಡಿದು ನಿಲ್ಲಿಸಲು ಹೊರಟರೆ ಏನಾಗುತ್ತದೆ? ಒಣ ಡಾಂಬರಿನ ಮೇಲೂ ಬರಿಯ ಹಿಂದಿನ ಬ್ರೇಕು ಶೇಕಡಾ 25ರ ಆಸುಪಾಸಿನಲ್ಲೇ ಸೋತು, ಚಕ್ರ ಲಾಕ್ ಆಗಿ ಜಾರತೊಡಗುತ್ತದೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿರುವ ಸೈಕಲ್ಲನ್ನು ಮುಂದಿನ ಬ್ರೇಕು ಸುಮಾರು ನಾಲ್ಕೂವರೆ ಮೀಟರಿನಲ್ಲಿ ನಿಲ್ಲಿಸಬಲ್ಲದು. ಹಿಂದಿನದಕ್ಕೆ ಹತ್ತು ಮೀಟರ್ ಬೇಕು. ಆ ಐದೂವರೆ ಮೀಟರಿನೊಳಗೆ ಒಂದು ಬಸ್ಸಿನ ಹಿಂಬದಿ ಇರಬಹುದು.

ಸವಾರರು ಮುಗ್ಗರಿಸುವುದು ಬಹಳ ಸಲ ಬ್ರೇಕು ಅತಿಯಾದುದರಿಂದಲ್ಲ. ಸೈಕಲ್ ನಿಧಾನವಾದಾಗಲೂ ದೇಹ ಹಳೆಯ ವೇಗದಲ್ಲೇ ಮುಂದುವರಿಯುವುದರಿಂದ. ಕೈಗಳನ್ನು ಬಿಗಿಯಾಗಿ ಊರಿ, ಸೀಟಿನ ಮೇಲೆ ಹಿಂದಕ್ಕೆ ಸರಿದು, ಹಿಡಿತವನ್ನು ಹಂತಹಂತವಾಗಿ ಹೆಚ್ಚಿಸಿದರೆ ಮುಂದಿನ ಬ್ರೇಕಿನಷ್ಟು ನಂಬಿಕಸ್ಥ ಇನ್ನೊಂದಿಲ್ಲ. ಮರಳು ಹರಡಿದ ರಸ್ತೆ ಮತ್ತು ಒದ್ದೆ ತಿರುವುಗಳ ಮಾತು ಬೇರೆ. ಅಲ್ಲಿ ಜಾರುವುದಿದ್ದರೆ ಹಿಂದಿನ ಚಕ್ರವೇ ಜಾರಲಿ. ನಮ್ಮ ಸೈಕಲ್ಲುಗಳಲ್ಲಿ ಬಲಗೈಯದು ಮುಂದಿನ ಬ್ರೇಕು. ಬಲಕ್ಕೆ ತಿರುಗಲು ಅದೇ ಕೈಯನ್ನು ಚಾಚಿ ಸೂಚನೆ ಕೊಡುವಾಗ ಎಡಗೈಯಲ್ಲಿ ಉಳಿಯುವುದು ದುರ್ಬಲವಾದ ಹಿಂದಿನದು ಮಾತ್ರ. ಆದ್ದರಿಂದ ವೇಗವನ್ನು ಮೊದಲೇ ತಗ್ಗಿಸಿ, ಆಮೇಲೆ ಕೈ ಚಾಚುವುದು ಲೇಸು.

ಇತಿಹಾಸ ನೋಡಿದರೆ, ಬ್ರೇಕು ಸೈಕಲ್ಲಿಗೆ ತಡವಾಗಿ ಅನಿವಾರ್ಯವಾಯಿತು. ಎತ್ತರದ ಮುಂಚಕ್ರದ ಕಾಲದಲ್ಲಿ ಪೆಡಲು ಚಕ್ರಕ್ಕೇ ಅಂಟಿಕೊಂಡಿದ್ದುದರಿಂದ ಕಾಲಿನಿಂದ ತಡೆದರೆ ವೇಗ ಇಳಿಯುತ್ತಿತ್ತು. ಜೊತೆಗೆ, ಟೈರಿನ ನೆತ್ತಿಯ ಮೇಲೆ ಒತ್ತುವ ಸೌಟಿನಾಕಾರದ ಲೋಹದ ತುಂಡೊಂದಿತ್ತು. ಚಪ್ಪಲಿಯನ್ನು ಟೈರಿಗೆ ಉಜ್ಜಿ ನಿಲ್ಲಿಸುವ ಹುಡುಗರು ಇಂದಿಗೂ ಬಳಸುವುದು ಇದೇ ತತ್ವವನ್ನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ ಮೇಲೆ ಅದರ ನೆತ್ತಿಯನ್ನು ಸವೆಸುವುದು ದುಬಾರಿಯಾಯಿತು. ಆ ಶತಮಾನದ ಕೊನೆಯಲ್ಲಿ, ಪೆಡಲು ನಿಂತರೂ ಚಕ್ರ ತಿರುಗಲು ಬಿಡುವ ಫ್ರೀವೀಲ್ ಬಳಕೆಗೆ ಬಂದು ಕಾಲಿನ ಹಿಡಿತ ತಪ್ಪಿದಾಗ, ಬ್ರೇಕು ಟೈರು ಕೂರುವ ಲೋಹದ ಬಳೆಯಾದ ರಿಮ್ಮಿಗೋ ಚಕ್ರದ ನಡುವಿನ ಹಬ್ಬಿಗೋ ಸ್ಥಳಾಂತರಗೊಳ್ಳಲೇಬೇಕಾಯಿತು. 1896ರಲ್ಲಿ ಅರ್ನೆಸ್ಟ್ ಬೌಡನ್ ಪೇಟೆಂಟ್ ಪಡೆದ ತಂತಿ ಕೇಬಲ್ಲು ಹಿಡಿಕೆಯನ್ನೂ ಬ್ರೇಕನ್ನೂ ಬೇಕಾದಂತೆ ಜೋಡಿಸಲು ದಾರಿಮಾಡಿತು.

ನಮ್ಮ ಹಳ್ಳಿಗಳ ಕಪ್ಪು ಸೈಕಲ್ಲು ಕೇಬಲ್ಲಿಗೆ ಒಲಿಯಲಿಲ್ಲ. ಅದು ಕಡ್ಡಿ ಬ್ರೇಕಿನಲ್ಲೇ (ಇಲ್ಲಿ ಕಡ್ಡಿಯೆಂದರೆ ಚಕ್ರದ್ದಲ್ಲ, ಬ್ರೇಕನ್ನು ಎಳೆಯುವ ಸಲಾಕೆ) ಉಳಿಯಿತು. ಹ್ಯಾಂಡಲಿನ ಕೆಳಗಿನ ಹಿಡಿಕೆಯನ್ನು ಅದುಮಿದರೆ ಉಕ್ಕಿನ ಸಲಾಕೆಯು ಕುದುರೆ ಲಾಳದಂಥ ಒಂದು ಚೌಕಟ್ಟನ್ನು ಮೇಲಕ್ಕೆಳೆಯುತ್ತದೆ. ಅದರ ತುದಿಗಳಲ್ಲಿರುವ ಬ್ರೇಕ್ ರಬ್ಬರುಗಳು ರಿಮ್ಮಿನ ಒಳಮೈಗೆ, ಕಡ್ಡಿಗಳು ಹೊರಡುವ ಕಡೆಯಿಂದ, ಒತ್ತಿಕೊಳ್ಳುತ್ತವೆ. ಹೀಗಾಗಿ ರಿಮ್ಮು ಪಕ್ಕಕ್ಕೆ ತುಸು ಬೆಂಡಾಗಿದ್ದರೂ ಬ್ರೇಕಿಗೆ ದೊಡ್ಡ ತೊಂದರೆಯಿಲ್ಲ. ಆದರೆ ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ರಬ್ಬರಿಗೆ ಹಿಡಿತವೇ ಸಿಗದು. ಮಲೆನಾಡಿನ ಮಳೆಗಾಲದಲ್ಲಿ ಇಂಥ ಸೈಕಲ್ಲು ತುಳಿದವರು ಇಳಿಜಾರಿಗೆ ಬಹಳ ಮೊದಲೇ ಬ್ರೇಕನ್ನು ಮೆಲ್ಲಗೆ ಸೋಕಿಸಿ, ರಿಮ್ಮಿನ ನೀರನ್ನು ಒರೆಸಿಕೊಂಡೇ ಹೋಗುವ ಅಭ್ಯಾಸ ಬೆಳೆಸಿಕೊಳ್ಳದೆ ಗತಿಯಿರಲಿಲ್ಲ.

ಇನ್ನು ನನಗೆ ಅತ್ಯಂತ ಪ್ರಿಯವಾದ ವಿಷಯಕ್ಕೆ ಬರುತ್ತೇನೆ: ಬ್ರೇಕು ಎಲ್ಲಿದೆ ಎಂಬುದು ಕಡ್ಡಿಗಳ ಜೋಡಣೆಯನ್ನೇ ನಿರ್ಧರಿಸುತ್ತದೆ. ರಾಗಿ ಬೀಸುವ ಕಲ್ಲಿನ ಗೂಟ ಅಂಚಿನಲ್ಲಿರುವುದರಿಂದಲೇ ಬೀಸುವುದು ಸಾಧ್ಯ. ಅದನ್ನು ನಡುವಿನ ಹತ್ತಿರ ನೆಟ್ಟಿದ್ದರೆ ರಟ್ಟೆ ಬಿದ್ದುಹೋಗುತ್ತಿತ್ತು. ರಿಮ್ಮನ್ನು ಹಿಡಿಯುವ ಬ್ರೇಕು ಅಂಚಿನ ಗೂಟದ ಸ್ಥಾನದಲ್ಲಿದೆ. ಟೈರಿನ ಮೇಲೆ ರಸ್ತೆ ಪ್ರಯೋಗಿಸುವ ಬಲಕ್ಕೂ ರಬ್ಬರಿನ ಘರ್ಷಣೆಗೂ ಹೆಚ್ಚು ಅಂತರವಿಲ್ಲ. ಚಕ್ರವನ್ನು ತಿರುಗಿಸುವ ಮತ್ತು ತಡೆಯುವ ಬಲಗಳೆರಡೂ ರಿಮ್ಮಿನಲ್ಲೇ ಪರಸ್ಪರ ತೀರಿಹೋಗುತ್ತವೆ. ಹಬ್ಬು ಮತ್ತು ರಿಮ್ಮಿನ ನಡುವೆ ತಿರುಚು ಉಂಟಾಗುವುದೇ ಇಲ್ಲ. ಆದುದರಿಂದ ಇಂಥ ಮುಂದಿನ ಚಕ್ರದಲ್ಲಿ ಕಡ್ಡಿಗಳನ್ನು ಹಬ್ಬಿನಿಂದ ನೇರವಾಗಿ, ಸೂರ್ಯಕಿರಣಗಳಂತೆ, ಕಟ್ಟಿದರೂ ನಡೆಯುತ್ತದೆ. ಹಬ್ಬಿಗೆ ಬಿಗಿದ ಲೋಹದ ಬಿಲ್ಲೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿನಲ್ಲಾದರೋ ಪ್ಯಾಡು ಹಿಡಿಯುವುದು ನಡುವಿನಿಂದ ಏಳೆಂಟು ಸೆಂಟಿಮೀಟರ್ ದೂರದಲ್ಲಿ; ಟೈರಿನ ತ್ರಿಜ್ಯ ಸುಮಾರು 34 ಸೆಂಟಿಮೀಟರ್. ಅಷ್ಟೇ ಫಲ ಸಿಗಬೇಕಾದರೆ ಘರ್ಷಣೆಯ ಬಲ ನಾಲ್ಕೈದು ಪಟ್ಟು ಬೇಕು, ಮತ್ತು ಆ ತಿರುಚು ಹಬ್ಬಿನಿಂದ ರಿಮ್ಮಿಗೆ ಕಡ್ಡಿಗಳ ಮೂಲಕವೇ ಸಾಗಬೇಕು. ನೇರ ಕಡ್ಡಿ ಹಬ್ಬಿನ ಕೇಂದ್ರದತ್ತಲೇ ಎಳೆಯುವುದರಿಂದ ತಿರುಚನ್ನು ಎದುರಿಸಲಾರದು. ಹಬ್ಬಿನ ಅಂಚನ್ನು ಸವರಿಕೊಂಡು ಓರೆಯಾಗಿ ಹೊರಟು, ಒಂದರ ಮೇಲೊಂದು ದಾಟುವ ಕಡ್ಡಿಗಳಾದರೆ ಅವುಗಳಲ್ಲಿ ಅರ್ಧ ಹೆಚ್ಚು ಬಿಗಿಯಾಗಿ, ಉಳಿದರ್ಧ ತುಸು ಸಡಿಲಾಗಿ, ಹೊರೆಯನ್ನು ಹಂಚಿಕೊಳ್ಳುತ್ತವೆ. ಈ ಓರೆ ಜೋಡಣೆಗೆ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲೇ ಪೇಟೆಂಟ್ ಪಡೆದಿದ್ದ. ಹಿಂದಿನ ಚಕ್ರಕ್ಕೆ ಚೈನಿನ ಎಳೆತದ ದೆಸೆಯಿಂದ ಇದು ಹೇಗೂ ಬೇಕಿತ್ತು. ಡಿಸ್ಕು ಮುಂದಿನ ಚಕ್ರಕ್ಕೂ ಇದನ್ನು ಕಡ್ಡಾಯಗೊಳಿಸಿತು. ಡಿಸ್ಕಿಗೆ ಎಡಬದಿಯಲ್ಲಿ ಜಾಗ ಬಿಡಬೇಕಾದ್ದರಿಂದ ಮುಂದಿನ ಚಕ್ರದ ಎಡ-ಬಲ ಕಡ್ಡಿಗಳ ಬಿಗಿತವೂ ಅಸಮವಾಯಿತು.

ಶಾಖದ ಲೆಕ್ಕವೂ ಚಕ್ರದ ಮೇಲೆಯೇ ಬೀಳುತ್ತದೆ. ಸೈಕಲ್ಲೂ ಸೇರಿ 90 ಕಿಲೋ ತೂಗುವ ಸವಾರನು ಚಾಮುಂಡಿ ಬೆಟ್ಟದಿಂದ ಮೈಸೂರಿಗೆ, ಸುಮಾರು 300 ಮೀಟರ್, ಇಳಿದನೆನ್ನಿ. ಬಿಡುಗಡೆಯಾಗುವ ಶಕ್ತಿ 2.6 ಲಕ್ಷ ಜೂಲ್‌ಗಿಂತ ಹೆಚ್ಚು. ಇದೆಲ್ಲವೂ ಒಟ್ಟು ಒಂದು ಕಿಲೋ ತೂಗುವ ಎರಡು ಅಲ್ಯೂಮಿನಿಯಂ ರಿಮ್ಮುಗಳಲ್ಲೇ ಉಳಿದರೆ ಅವುಗಳ ಉಷ್ಣತೆ 290 ಡಿಗ್ರಿಯಷ್ಟು ಏರಬೇಕು. ಪುಣ್ಯಕ್ಕೆ ಬಹುಪಾಲು ಗಾಳಿಯ ಪಾಲಾಗುತ್ತದೆ. ಆದರೂ ಕಡಿದಾದ ಇಳಿಜಾರಿನಲ್ಲಿ ಬ್ರೇಕನ್ನು ಬಿಡದೆ ಹಿಡಿದೇ ಇಳಿಯುವವರ ಟ್ಯೂಬು ಸಿಡಿಯುವುದುಂಟು. ಹಿಡಿದು, ಬಿಟ್ಟು, ಮತ್ತೆ ಹಿಡಿಯುವುದು ಒಳ್ಳೆಯದು. ಪೆಡಲನ್ನು ಹಿಂದಕ್ಕೆ ತುಳಿದು ನಿಲ್ಲಿಸುವ ಕೋಸ್ಟರ್ ಬ್ರೇಕಿನ ಪಾಡು ಇನ್ನೂ ಕಷ್ಟ, ಏಕೆಂದರೆ ಅದರ ಶಾಖವೆಲ್ಲ ಹಬ್ಬಿನೊಳಗೇ ಸೆರೆಯಾಗುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತ್ಯದ ಬೆಟ್ಟದ ಮಣ್ಣುದಾರಿಯಲ್ಲಿ ಹಳೆಯ ಸೈಕಲ್ಲುಗಳ ಓಟ ಶುರುವಾದಾಗ ಹಬ್ಬಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಓಟಕ್ಕೊಮ್ಮೆ ಹೊಸದಾಗಿ ತುಂಬಬೇಕಾದ್ದರಿಂದ ಆ ಓಟಕ್ಕೆ ‘ರೀಪ್ಯಾಕ್’ ಎಂದೇ ಹೆಸರು ಬಿತ್ತು.

ರಿಮ್ ಬ್ರೇಕಿನ ದೊಡ್ಡ ಅವಗುಣವೆಂದರೆ ಅದು ಚಕ್ರವನ್ನೇ ತಿನ್ನುತ್ತದೆ. ಕೆಸರಿನ ಕಣಗಳು ರಬ್ಬರಿನಲ್ಲಿ ಹೂತು ಅಲ್ಯೂಮಿನಿಯಂ ಗೋಡೆಯನ್ನು ಅರೆಯುತ್ತವೆ. ಬೆರಳಾಡಿಸಿದಾಗ ರಿಮ್ಮಿನ ಪಕ್ಕದಲ್ಲಿ ಗುಳಿ ಸಿಕ್ಕಿದರೆ ಅದನ್ನು ಬದಲಿಸುವ ಕಾಲ ಬಂದಿದೆ ಎಂದರ್ಥ. ಡಿಸ್ಕಿನಲ್ಲಿ ಸವೆಯುವುದು ಸುಲಭವಾಗಿ ಬಿಚ್ಚಬಹುದಾದ ಬಿಲ್ಲೆ ಮಾತ್ರ, ಮತ್ತು ರಿಮ್ಮು ಬೆಂಡಾಗಿದ್ದರೂ ಬ್ರೇಕು ಸರಿಯಾಗಿಯೇ ಹಿಡಿಯುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಬಹಳ ಹಿಂದೆ ಮುಂದೆ ನೋಡಿ 2018ರಲ್ಲಿ ರಸ್ತೆ ಓಟಗಳಲ್ಲಿ ಡಿಸ್ಕಿಗೆ ಪೂರ್ಣ ಅನುಮತಿ ನೀಡಿತು.

ಕಡ್ಡಿ ಬ್ರೇಕಿನಿಂದ ಎಣ್ಣೆಯ ಒತ್ತಡದ ಡಿಸ್ಕಿಗೆ ಬರುವವರು ಮೊದಲು ಬದಲಿಸಿಕೊಳ್ಳಬೇಕಾದುದು ಬೆರಳುಗಳನ್ನು. ನಾಲ್ಕೂ ಬೆರಳು ಸೇರಿಸಿ ಹಿಂಡುತ್ತಿದ್ದ ಕಡೆ ಈಗ ತೋರುಬೆರಳು ಸಾಕು. ಹಳೆಯ ಬಲದಲ್ಲೇ ಮುಂದಿನದನ್ನು ಹಿಂಡಿದರೆ ಮೊದಲ ಪಾಠದ ಪಲ್ಟಿ ನಿಜವಾಗಬಹುದು. ಚೈನಿಗೆ ಎಣ್ಣೆ ಸಿಂಪಡಿಸುವ ಅಭ್ಯಾಸವನ್ನೂ ಬಿಡಬೇಕು. ಅದರ ತುಂತುರು ಡಿಸ್ಕಿಗೆ ತಾಗಿದರೆ ಬಿಲ್ಲೆಯನ್ನು ಸ್ಪಿರಿಟಿನಲ್ಲಿ ಒರೆಸಬಹುದು. ಎಣ್ಣೆ ಹೀರಿದ ಪ್ಯಾಡುಗಳನ್ನು ಸಾಮಾನ್ಯವಾಗಿ ಎಸೆಯಬೇಕಾಗುತ್ತದೆ.