ಈಗಿನ ನೆಲದ ಯುದ್ಧ ಅರ್ಥವಾಗಬೇಕಾ? ಮೊದಲು ಒಂದು ಪ್ಲಟೂನಿನ ಹಿಂದೆ ಹೋಗಿ

ಉಕ್ರೇನ್ ಯುದ್ಧ ಶುರುವಾದಾಗಿನಿಂದ ಪರಿಚಯದವರು, ಕಾಲೇಜು ಹುಡುಗರು ಎಲ್ಲರೂ ನನ್ನನ್ನು ಕೇಳುವುದು ಒಂದೇ: "ಸರ್, ಈಗಿನ ಯುದ್ಧ ಅರ್ಥವಾಗಬೇಕು ಅಂದ್ರೆ ಏನು ಓದಬೇಕು?" ಹೆಚ್ಚಿನವರು ಡ್ರೋನ್ ವಿಡಿಯೊ ನೋಡಿಕೊಂಡೇ ಬಂದಿರುತ್ತಾರೆ. ಟ್ಯಾಂಕ್ ಬರುತ್ತದೆ, ಮೇಲಿಂದ ಏನೋ ಬಂದು ಬಡಿಯುತ್ತದೆ, ಬೆಂಕಿ, ಮುಗಿಯಿತು. ಆ ಟ್ಯಾಂಕ್ ಅಲ್ಲಿಗೆ ಒಂಟಿಯಾಗಿ ಯಾಕೆ ಬಂತು, ಜೊತೆಗಿರಬೇಕಿದ್ದ ಇನ್‌ಫೆಂಟ್ರಿ (ಕಾಲಾಳು ಪಡೆ) ಎಲ್ಲಿ ಉಳಿಯಿತು, ಅವರು ತಲೆ ಎತ್ತದ ಹಾಗೆ ಮಾಡಿದ ಫಿರಂಗಿ ಎಲ್ಲಿತ್ತು, ಇದ್ಯಾವುದೂ ಆ ಅರ್ಧ ನಿಮಿಷದಲ್ಲಿ ಕಾಣುವುದಿಲ್ಲ.

ಇನ್‌ಫೆಂಟ್ರಿಯಲ್ಲಿದ್ದು, ಆಮೇಲೆ ಕಿರಿಯ ಅಧಿಕಾರಿಗಳಿಗೆ ಯುದ್ಧತಂತ್ರ ಕಲಿಸಿದವನು ನಾನು. ನನ್ನ ಸಲಹೆ ಇಷ್ಟೇ. ಆಯುಧಗಳ ಪುಸ್ತಕದಿಂದ ಶುರು ಮಾಡಬೇಡಿ. ಪ್ಲಟೂನಿನಂಥ ಒಂದು ಸಣ್ಣ ತುಕಡಿ, ಒಂದು ಜಾಗ, ಒಂದು ದಿನ: ಇಷ್ಟನ್ನು ಹತ್ತಿರದಿಂದ ತೋರಿಸುವ ಬರಹದಿಂದ ಶುರು ಮಾಡಿ. ದೊಡ್ಡ ಮಾತುಗಳೆಲ್ಲ ಆಮೇಲೆ ತಾವಾಗಿಯೇ ಅರ್ಥವಾಗುತ್ತವೆ.

ಹಾಗಾಗಿ ಮೊದಲು ಓದಬೇಕಾದ್ದು 1904ರ ಒಂದು ಪುಟ್ಟ ಪುಸ್ತಕ, ಬ್ರಿಟಿಷ್ ಅಧಿಕಾರಿ ಅರ್ನೆಸ್ಟ್ ಸ್ವಿಂಟನ್ ಬರೆದ 'ದಿ ಡಿಫೆನ್ಸ್ ಆಫ್ ಡಫರ್ಸ್ ಡ್ರಿಫ್ಟ್'. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ನಡೆದ ಯುದ್ಧ. ಒಬ್ಬ ಹೊಸ ಲೆಫ್ಟಿನೆಂಟ್, ಅವನ ಕೈಯಲ್ಲಿ 50 ಜನ, ಕಾಯಬೇಕಾದ್ದು ಹೊಳೆ ದಾಟುವ ಒಂದು ಕಡವು. ಅವನಿಗೆ ಆರು ಕನಸು ಬೀಳುತ್ತವೆ. ಮೊದಲನೆಯದರಲ್ಲಿ ಮೊಟ್ಟೆ, ಬೆಣ್ಣೆ ಮಾರಲು ಬಂದ ಊರಿನ ರೈತನನ್ನು ಸುಮ್ನೆ ಕ್ಯಾಂಪ್ ಒಳಗೆ ಓಡಾಡಲು ಬಿಡುತ್ತಾನೆ, ಬೆಳಗಾಗುವ ಹೊತ್ತಿಗೆ ಸೋತಿರುತ್ತಾನೆ. ಇನ್ನೊಂದರಲ್ಲಿ ಕಂದಕ ತೋಡುತ್ತಾನೆ, ಆದರೆ ಅದು ಮುಂದಿನ ಗುಂಡಿಗೆ ಮಾತ್ರ ಅಡ್ಡ, ಹಿಂದಿನಿಂದ ಬಂದದ್ದಕ್ಕೆ ಏನೂ ಇಲ್ಲ. ಕೊನೆಯ ಕನಸಿನಲ್ಲಿ ಮಾತ್ರ ಹೊಳೆಯ ದಂಡೆಯಲ್ಲೇ ಯಾರಿಗೂ ಕಾಣದ ಹಾಗೆ ಅಡಗಿ ಕೂತು, ಸಹಾಯ ಬರುವವರೆಗೆ ಹಿಡಿದು ನಿಲ್ಲುತ್ತಾನೆ. ಎಲ್ಲ ದಿಕ್ಕೂ ಮುಂದಿನ ದಿಕ್ಕೇ ಅನ್ನುವುದು ಆ ಪುಸ್ತಕದ ಪಾಠಗಳಲ್ಲಿ ಒಂದು. ಡ್ರೋನ್ ಬಂದ ಮೇಲೆ ಅದಕ್ಕೆ ತಲೆಯ ಮೇಲಿನ ದಿಕ್ಕೂ ಸೇರಿಕೊಂಡಿದೆ, ಅಷ್ಟೇ.

ಎರಡನೆಯದು ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಈಗಾಗಲೇ ಇದೆ: 'ಹಿಮಾಲಯನ್ ಬ್ಲಂಡರ್'. 1962ರ ಚೀನಾ ಯುದ್ಧದ ಬಗ್ಗೆ ಬ್ರಿಗೇಡಿಯರ್ ಜಾನ್ ದಳವಿ 1969ರಲ್ಲಿ ಬರೆದದ್ದು, ರವಿ ಬೆಳಗೆರೆ ಕನ್ನಡಕ್ಕೆ ತಂದದ್ದು. ನಾವೆಲ್ಲ ಇದನ್ನು ದೆಹಲಿಯಲ್ಲಿ ಯಾರು ತಪ್ಪು ಮಾಡಿದರು ಅಂತ ಹುಡುಕುತ್ತಾ ಓದಿದ್ದೇವೆ, ಅಲ್ವಾ? ಈ ಸಲ ರಾಜಕೀಯ ಪಕ್ಕಕ್ಕಿಡಿ. ಈಗಿನ ಅರುಣಾಚಲದ ಗಡಿಯಲ್ಲಿರುವ ನಾಮ್ಕಾ ಚು ಹೊಳೆಯ ಭಾಗ ಮಾತ್ರ, ಕೈಯಲ್ಲಿ ಪೆನ್ಸಿಲ್ ಹಿಡಿದು, ನಕ್ಷೆ ಬರೆದುಕೊಳ್ಳುತ್ತಾ ಓದಿ. ಹೊಳೆ ಕೆಳಗೆ, ನಮ್ಮ 7ನೇ ಬ್ರಿಗೇಡಿನ ಪೋಸ್ಟ್‌ಗಳು ಅದರ ದಂಡೆಗುಂಟ. ಎದುರಿಗೆ ಥಗ್ಲಾ ಏಣು, ಅದರ ಮೇಲೆ ಚೀನೀಯರು. ಅಂದರೆ ಅವರಿಗೆ ನಮ್ಮವರ ಒಲೆಯ ಹೊಗೆಯೂ ಕಾಣುತ್ತಿತ್ತು. ಜವಾನರು ಹತ್ತಿಬಟ್ಟೆಯಲ್ಲಿ, ತಲಾ 50 ಗುಂಡು ಇಟ್ಟುಕೊಂಡು ನಡೆದೇ ಬಂದಿದ್ದರು. ವಿಮಾನದಿಂದ ತ್ಸಾಂಗ್‌ಧರ್ ಹತ್ತಿರ ಎಸೆದ ಸಾಮಾನಿನಲ್ಲಿ ಎಷ್ಟೋ ಕಣಿವೆ ಪಾಲಾಯಿತು. 1962ರ ಅಕ್ಟೋಬರ್ 20ರ ಬೆಳಗಿನ ಜಾವ ಶೆಲ್ ದಾಳಿ ಶುರುವಾಗುವ ಹೊತ್ತಿಗೆ ಚೀನೀಯರು ಪೋಸ್ಟ್‌ಗಳ ನಡುವಿನ ಖಾಲಿ ಜಾಗದಲ್ಲಿ ನುಸುಳಿ ಪಕ್ಕಕ್ಕೂ ಹಿಂದಕ್ಕೂ ಬಂದಿದ್ದರು. ಸ್ವಿಂಟನ್ನನ ಲೆಫ್ಟಿನೆಂಟ್ ಕನಸಿನಲ್ಲಿ ಸೋತ ಹಾಗೆಯೇ ಇಲ್ಲಿ ನಿಜವಾದ ಜನ ಸತ್ತರು. ಜಾಗ ಆರಿಸುವ ಸ್ವಾತಂತ್ರ್ಯವೂ ಅವರಿಗಿರಲಿಲ್ಲ, ಅದನ್ನು ಓದುವಾಗ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಜಾನ್ ಕೀಗನ್ ಅವರ 'ದಿ ಫೇಸ್ ಆಫ್ ಬ್ಯಾಟಲ್' (1976) ಕೂಡ ಓದಿ. ಅಜಿನ್‌ಕೋರ್ಟ್, ವಾಟರ್‌ಲೂ, ಸೋಮ್ ಮೂರೂ ಯುದ್ಧಗಳಲ್ಲಿ ಸೈನಿಕನಿಗೆ ಏನು ಕಂಡಿತು, ಏನು ಕೇಳಿಸಿತು ಅನ್ನುವುದನ್ನೇ ಹಿಡಿದು ಬರೆದಿದ್ದಾರೆ. ಎಸ್.ಎಲ್.ಎ. ಮಾರ್ಷಲ್ ಅವರ 'ಮೆನ್ ಅಗೇನ್ಸ್ಟ್ ಫೈರ್' (1947) ಮಾತ್ರ ಎಚ್ಚರದಿಂದ ಓದಬೇಕಾದ ಪುಸ್ತಕ. ಯುದ್ಧದಲ್ಲಿ ಗುಂಡು ಹಾರಿಸುವವರು ನಾಲ್ವರಲ್ಲಿ ಒಬ್ಬನಿಗಿಂತ ಹೆಚ್ಚಿಲ್ಲ ಅನ್ನುವ ಮಾತು ಹರಡಿದ್ದು ಅಲ್ಲಿಂದಲೇ. ಆ ಲೆಕ್ಕಕ್ಕೆ ತಕ್ಕ ದಾಖಲೆ ಆಮೇಲಿನ ಇತಿಹಾಸಕಾರರಿಗೆ ಸಿಗಲಿಲ್ಲ.

ಇಷ್ಟಾದ ಮೇಲೆ ಸ್ಟೀಫನ್ ಬಿಡ್ಲ್ ಅವರ 'ಮಿಲಿಟರಿ ಪವರ್' (2004). ಸ್ವಲ್ಪ ಕಷ್ಟದ ಪುಸ್ತಕ, ಗಣಿತ ಬಂದಲ್ಲಿ ಪುಟ ಹಾರಿಸಿದರೂ ನಡೆಯುತ್ತದೆ. ಅವರ ವಾದ ಹೀಗಿದೆ: ಮೊದಲ ಮಹಾಯುದ್ಧದ ಹೊತ್ತಿಗೇ ಮದ್ದುಗುಂಡಿನ ಶಕ್ತಿ ಎಷ್ಟು ಬೆಳೆದಿತ್ತೆಂದರೆ, ಬಯಲಲ್ಲಿ ಗುಂಪಾಗಿ ನಡೆದವನು ಸತ್ತ ಅಂತಲೇ ಲೆಕ್ಕ. ಬದುಕಬೇಕಾದರೆ ಅಡಗಬೇಕು, ಚದುರಬೇಕು, ಸಣ್ಣ ಗುಂಪಿನಲ್ಲಿ ಸರಿಯಬೇಕು, ಒಬ್ಬ ಸರಿಯುವಾಗ ಇನ್ನೊಬ್ಬ ಗುಂಡು ಹಾರಿಸಿ ಶತ್ರುವಿನ ತಲೆ ತಗ್ಗಿಸಬೇಕು. ಇದನ್ನು ಕಲಿತ ಸೇನೆಗೂ ಕಲಿಯದ ಸೇನೆಗೂ ಇರುವ ವ್ಯತ್ಯಾಸ ಆಯುಧದ ವ್ಯತ್ಯಾಸಕ್ಕಿಂತ ದೊಡ್ಡದು ಅಂತ 1918ರ ಜರ್ಮನ್ ದಾಳಿ, 1944ರಲ್ಲಿ ಫ್ರಾನ್ಸಿನಲ್ಲಿ ಬ್ರಿಟಿಷರು ಜರ್ಮನ್ನರ ಮೇಲೆ ನಡೆಸಿದ ಗುಡ್‌ವುಡ್ ದಾಳಿ, 1991ರ ಕೊಲ್ಲಿ ಯುದ್ಧ ಇಟ್ಟುಕೊಂಡು ತೋರಿಸುತ್ತಾರೆ. ಗುಡ್‌ವುಡ್ ಅಧ್ಯಾಯ ಬಿಡಲೇಬೇಡಿ. ಬ್ರಿಟಿಷರ ಹತ್ತಿರ ಬಾಂಬರ್‌ಗಳೂ ಜಾಸ್ತಿ, ಟ್ಯಾಂಕ್‌ಗಳೂ ಜಾಸ್ತಿ. ಟ್ಯಾಂಕ್‌ಗಳು ಮುಂದೆ ಹೋದವು, ಇನ್‌ಫೆಂಟ್ರಿ ಹಿಂದೆ ಉಳಿಯಿತು, ಒಂದರ ಹಿಂದೆ ಒಂದು ಪದರವಾಗಿ ಕೂತಿದ್ದ ಜರ್ಮನ್ನರು ನೂರಾರು ಟ್ಯಾಂಕ್ ಕೆಡವಿದರು. ಆಗ ಡ್ರೋನ್ ಇರಲಿಲ್ಲ!

ಆದರೆ ಬಿಡ್ಲ್ ಪುಸ್ತಕದಲ್ಲಿ ನನಗೊಂದು ತಕರಾರಿದೆ. ದಿನವಿಡೀ ಆಕಾಶದಿಂದ ಕಣ್ಣು ನೆಟ್ಟಿರುವಾಗ ಚದುರುವುದು ಎಲ್ಲಿಯವರೆಗೆ? ಉಕ್ರೇನಿನಲ್ಲಿ ಒಂದೊಂದು ಪೋಸ್ಟಿನಲ್ಲಿ ಎರಡು ಮೂರು ಜನ ಕೂತಿರುವುದು ಮಾಮೂಲಾಗಿದೆ. ಅಷ್ಟು ಜನ ಜೀವ ಉಳಿಸಿಕೊಳ್ಳಬಹುದು, ಜಾಗ ಉಳಿಸಿಕೊಳ್ಳುತ್ತಾರಾ? 2004ರ ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ.

ಉತ್ತರ ಹುಡುಕಲು ಲಂಡನ್ನಿನ ರಾಯಲ್ ಯುನೈಟೆಡ್ ಸರ್ವಿಸಸ್ ಇನ್‌ಸ್ಟಿಟ್ಯೂಟ್ ಅನ್ನುವ ರಕ್ಷಣಾ ಅಧ್ಯಯನ ಸಂಸ್ಥೆಯ ವರದಿಗಳಿಗೆ ಹೋಗಿ, ಅವೂ ಪುಕ್ಕಟೆ. ಜ್ಯಾಕ್ ವಾಟ್ಲಿಂಗ್ ಮತ್ತು ನಿಕ್ ರೆನಾಲ್ಡ್ಸ್ 2023ರ ಸೆಪ್ಟೆಂಬರಿನಲ್ಲಿ ತಂದ 'ಸ್ಟಾರ್ಮ್‌ಬ್ರೇಕ್' ಮೊದಲು ನೋಡಿ. ಆ ಬೇಸಿಗೆಯ ಉಕ್ರೇನಿ ದಾಳಿಯಲ್ಲಿ ನೊವೊದಾರಿವ್ಕಾ, ರಿವ್ನೊಪಿಲ್ ಎಂಬ ಎರಡು ಹಳ್ಳಿ ಹಿಡಿದ ಕತೆ, ತುಕಡಿ ತುಕಡಿಯಾಗಿ. ರಷ್ಯನ್ನರು ಅಡ್ಡ ದಾಟಲು 120 ಮೀಟರ್ ಇದ್ದ ನೆಲಬಾಂಬುಗಳ (ಮೈನ್) ಪಟ್ಟಿಯನ್ನು 500 ಮೀಟರ್ ತನಕ ಬೆಳೆಸಿದರು ಅನ್ನುವ ಸಾಲು ಅದರಲ್ಲಿ ಬರುತ್ತದೆ. ಅಲ್ಲಿ ನಿಂತು ಲೆಕ್ಕ ಹಾಕಿ. ಯುಆರ್-77 ಅನ್ನುವ ಗಾಡಿ ರಾಕೆಟ್ ಕಟ್ಟಿ ಎಸೆಯುವ ಸ್ಫೋಟಕದ ಹಗ್ಗ ಒಂದು ಸಲಕ್ಕೆ ತೆರೆಯುವ ದಾರಿ ಸುಮಾರು 90 ಮೀಟರ್ ಉದ್ದ, 6 ಮೀಟರ್ ಅಗಲ. ಮೊದಲು ಎರಡು ಹಗ್ಗ ಸಾಕಿತ್ತು. ಈಗ ಆರು. ಪ್ರತಿ ಸಲವೂ ಆ ಸದ್ದಿಗೆ, ಹೊಗೆಗೆ ಶತ್ರುವಿನ ಫಿರಂಗಿ ಇತ್ತ ತಿರುಗುತ್ತದೆ, ಆರು ಮೀಟರ್ ಅಗಲದ ದಾರಿಯಲ್ಲಿ ಮೊದಲ ಗಾಡಿ ಕೆಟ್ಟು ನಿಂತರೆ ಹಿಂದಿನವೆಲ್ಲ ಅಲ್ಲೇ. "ಇಷ್ಟು ಟ್ಯಾಂಕ್ ಕೊಟ್ಟರೂ ಯಾಕೆ ಮುನ್ನುಗ್ಗಲಿಲ್ಲ?" ಅಂತ ಟೀವಿಯಲ್ಲಿ ಕೇಳುವವರಿಗೆ ಈ ಲೆಕ್ಕ ತೋರಿಸಬೇಕು. ಒಂದು ಎಚ್ಚರ: ಈ ವರದಿಗಳು ಬಹುಪಾಲು ಉಕ್ರೇನಿ ಕಡೆಯಿಂದ ಸಿಕ್ಕ ಮಾಹಿತಿಯ ಮೇಲೆ ನಿಂತಿವೆ.

ಟ್ಯಾಂಕಿಗೆ ದಾರಿ ಮಾಡಿಕೊಡುವ ಎಂಜಿನಿಯರುಗಳ ಕೆಲಸ ನಮ್ಮ ಇತಿಹಾಸದಲ್ಲೇ ನೋಡಬೇಕೆಂದರೆ ಕಾಶ್ಮೀರದಿಂದ ಲಡಾಖ್‌ಗೆ ದಾಟುವ ಕಣಿವೆದಾರಿ ಜೋಜಿ ಲಾದಲ್ಲಿ 1948ರಲ್ಲಿ ನಡೆದ ಕಾಳಗ ಇದೆ. ಡಿವಿಷನ್ ಕಮಾಂಡರ್ ಕೊಡಗಿನ ತಿಮ್ಮಯ್ಯ. ಬಾಲ್ತಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ಕಾಲುದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ನಮ್ಮ ಬೆಂಗಳೂರಿನ ಹಲಸೂರಿನವರು. ನವೆಂಬರ್ 1ರಂದು ಸ್ಟುವರ್ಟ್ ಟ್ಯಾಂಕ್‌ಗಳು 11,000 ಅಡಿಗೂ ಮೇಲಿನ ಆ ಕಣಿವೆ ಹೊಕ್ಕವು. ರಕ್ಷಣಾ ಸಚಿವಾಲಯ 1987ರಲ್ಲಿ ಪ್ರಕಟಿಸಿದ 1947-48ರ ಜಮ್ಮು ಕಾಶ್ಮೀರ ಕಾರ್ಯಾಚರಣೆಗಳ ಅಧಿಕೃತ ಇತಿಹಾಸದಲ್ಲಿ ಇದನ್ನು ಓದಬಹುದು. ಭಾಷೆ ಸರ್ಕಾರಿ, ಹಾಗಂತ ಬಿಡಬೇಡಿ. ಮೊಬೈಲಿನಲ್ಲಿ ಸ್ಯಾಟಲೈಟ್ ನಕ್ಷೆ ತೆರೆದು ಪಕ್ಕದಲ್ಲಿಟ್ಟುಕೊಂಡು ಓದಿ.